‘7 ವರ್ಷ ಅಪ್‌ಡೇಟ್’: ಮೊಬೈಲ್ ಕಂಪೆನಿಗಳ ಮಾತನ್ನು ಎಷ್ಟು ನಂಬಬಹುದು?

ಹೊಸ ಮೊಬೈಲ್ ಕೊಳ್ಳಲು ಹೋದರೆ ಈಗ ಕ್ಯಾಮೆರಾ, ಬ್ಯಾಟರಿಯ ಜೊತೆ ಇನ್ನೊಂದು ಮಾತೂ ಕೇಳಿಬರುತ್ತದೆ: ‘ಇದಕ್ಕೆ 7 ವರ್ಷ ಅಪ್‌ಡೇಟ್ ಉಂಟು’. ಗಲ್ಫ್‌ನಿಂದ ಊರಿಗೆ ಬರುವವರಲ್ಲಿ ಹೇಳಿ ತರಿಸುವ ಫೋನ್ ಆಗಲಿ, ಮಂಗಳೂರು ಅಥವಾ ಕಾಸರಗೋಡಿನ ಅಂಗಡಿಯಲ್ಲಿ ಕಂತಿಗೆ ತೆಗೆಯುವ ಫೋನ್ ಆಗಲಿ, ಈ ಒಂದು ಮಾತಿಗಾಗಿ ಕೆಲವು ಸಾವಿರ ರೂಪಾಯಿ ಹೆಚ್ಚು ಕೊಡುವವರಿದ್ದಾರೆ. ಆ ಭರವಸೆಯಲ್ಲಿ ಏನುಂಟು, ಏನಿಲ್ಲ ಎಂಬುದನ್ನು ತಿಳಿದುಕೊಂಡೇ ದುಡ್ಡು ಕೊಡುವುದು ಒಳ್ಳೆಯದು.

ಅಪ್‌ಡೇಟ್ ಅಂದರೆ ಏನು?

ಅಪ್‌ಡೇಟ್‌ನಲ್ಲಿ ಎರಡು ವಿಧ. ಒಂದು, ಆಂಡ್ರಾಯ್ಡ್ ಅಥವಾ ಐಒಎಸ್‌ನ ಹೊಸ ಆವೃತ್ತಿ. ಇನ್ನೊಂದು, ಭದ್ರತಾ ಅಪ್‌ಡೇಟ್. ಹೊಸ ಆವೃತ್ತಿ ಬಾರದಿದ್ದರೆ ದೊಡ್ಡ ನಷ್ಟವಿಲ್ಲ. ಆದರೆ ಭದ್ರತಾ ಅಪ್‌ಡೇಟ್ ನಿಂತರೆ ಆಮೇಲೆ ಪತ್ತೆಯಾಗುವ ಲೋಪಗಳು ಆ ಫೋನ್‌ನಲ್ಲಿ ಹಾಗೆಯೇ ಉಳಿಯುತ್ತವೆ. ಯುಪಿಐ, ಬ್ಯಾಂಕ್ ಆ್ಯಪ್, ಒಟಿಪಿ ಎಲ್ಲವೂ ಅದೇ ಫೋನ್‌ನಲ್ಲಿ ಇರುವಾಗ ಇದು ಸಣ್ಣ ವಿಷಯವಲ್ಲ.

ಆ್ಯಪ್‌ಗಳೂ ಹಳೆಯ ಫೋನ್‌ಗಳನ್ನು ಒಂದೊಂದಾಗಿ ಕೈಬಿಡುತ್ತವೆ. 2025ರ ಮೇ ತಿಂಗಳಿನಿಂದ ವಾಟ್ಸ್‌ಆ್ಯಪ್‌ಗೆ ಐಒಎಸ್ 15.1 ಬೇಕಾಯಿತು. ಇದರಿಂದ ಐಫೋನ್ 5ಎಸ್, 6, 6 ಪ್ಲಸ್ ಹೊರಗುಳಿದವು.

ಯಾರು ಏನು ಹೇಳಿದ್ದಾರೆ?

ಗೂಗಲ್ 2023ರ ಅಕ್ಟೋಬರ್‌ನಲ್ಲಿ ಪಿಕ್ಸೆಲ್ 8ರೊಂದಿಗೆ 7 ವರ್ಷದ ಮಾತು ಕೊಟ್ಟಿತು. ಸ್ಯಾಮ್‌ಸಂಗ್ 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಅಷ್ಟೇ ಹೇಳಿತು. ಕಡಿಮೆ ಬೆಲೆಯ ಗ್ಯಾಲಕ್ಸಿ ಎ16 5ಜಿಗೆ 6 ವರ್ಷ.

ಆ್ಯಪಲ್ ಜಾಹೀರಾತಿನಲ್ಲಿ ವರ್ಷದ ಲೆಕ್ಕ ಹೇಳುವುದಿಲ್ಲ. 2024ರಲ್ಲಿ ಬ್ರಿಟನ್‌ನ ಹೊಸ ಕಾನೂನು ಕೇಳಿದಾಗ ಐಫೋನ್ 15 ಪ್ರೊ ಮ್ಯಾಕ್ಸ್‌ಗೆ ‘ಕನಿಷ್ಠ 5 ವರ್ಷ’ ಎಂದಿತು. ಆದರೆ 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಭದ್ರತಾ ಅಪ್‌ಡೇಟ್ ಬಂದಿತ್ತು. ಅಂದರೆ ಹೇಳಿದ್ದು ಕಡಿಮೆ, ಕೊಟ್ಟದ್ದು ಹೆಚ್ಚು.

ಇಲ್ಲಿ ಒಂದು ವಿಷಯ ನೆನಪಿರಲಿ. ಪಿಕ್ಸೆಲ್ 8ರ 7 ವರ್ಷ ಮುಗಿಯುವುದು 2030ರ ಅಕ್ಟೋಬರ್‌ಗೆ. ಗೂಗಲ್, ಸ್ಯಾಮ್‌ಸಂಗ್‌ನ ಈ ಮಾತು ಕೊನೆಯವರೆಗೆ ನಡೆಯುತ್ತದೆಯೇ ಎಂಬುದು ಅಲ್ಲಿಯವರೆಗೆ ಸಾಬೀತಾಗುವುದಿಲ್ಲ.

ಹಿಂದಿನ ಅನುಭವ ಏನು ಹೇಳುತ್ತದೆ?

ಮಾತಿಗಿಂತ ಹೆಚ್ಚು ಕೊಟ್ಟದ್ದೂ ಉಂಟು. ಪಿಕ್ಸೆಲ್ 6 ಮತ್ತು 7ಕ್ಕೆ ಮೊದಲು 3 ವರ್ಷ ಆಂಡ್ರಾಯ್ಡ್ ಆವೃತ್ತಿ ಎಂದಿದ್ದ ಗೂಗಲ್, 2024ರ ಡಿಸೆಂಬರ್‌ನಲ್ಲಿ ಅದನ್ನು 5 ವರ್ಷಕ್ಕೆ ಏರಿಸಿತು.

ಕಂಪೆನಿಯೇ ಅಂಗಡಿ ಮುಚ್ಚಿದ್ದೂ ಉಂಟು. ಎಲ್‌ಜಿ 2021ರ ಏಪ್ರಿಲ್‌ನಲ್ಲಿ ಮೊಬೈಲ್ ವ್ಯವಹಾರ ಬಿಡುವುದಾಗಿ ಘೋಷಿಸಿತು. ದುಬಾರಿ ಮಾದರಿಗಳಿಗೆ 3 ಆವೃತ್ತಿ ಕೊಡುತ್ತೇವೆ ಎಂದು ಆಗಲೂ ಹೇಳಿತ್ತು. 2025ರ ಜೂನ್ 30ಕ್ಕೆ ಅದರ ಅಪ್‌ಡೇಟ್ ಸೇವೆಯೇ ನಿಂತಿತು.

ಅಪ್‌ಡೇಟ್‌ನಿಂದಲೇ ತೊಂದರೆಯಾದ ಉದಾಹರಣೆಯೂ ಇದೆ. 2025ರ ಜನವರಿಯ ಅಪ್‌ಡೇಟ್ ನಂತರ ಕೆಲವು ಪಿಕ್ಸೆಲ್ 4ಎ ಫೋನ್‌ಗಳಲ್ಲಿ ಚಾರ್ಜ್ ಬಾಳುವುದು ಕಡಿಮೆಯಾಯಿತು. ಗೂಗಲ್ ಪರಿಹಾರ ಯೋಜನೆ ಘೋಷಿಸಬೇಕಾಯಿತು. ಅಪ್‌ಡೇಟ್ ಹಾಕಿಸಿ ಹಳೆಯ ಫೋನ್ ನಿಧಾನವಾಗುವಂತೆ ಮಾಡಿದ್ದಕ್ಕೆ ಇಟಲಿ 2018ರಲ್ಲಿ ಆ್ಯಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತ್ತು.

ಕಾನೂನು ಏನು ಹೇಳುತ್ತದೆ?

ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಜಾರಿಯಲ್ಲಿದೆ. ಒಂದು ಮಾದರಿಯನ್ನು ಮಾರುಕಟ್ಟೆಗೆ ಬಿಡುವುದು ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್, 7 ವರ್ಷ ಬಿಡಿಭಾಗ ಸಿಗಬೇಕು. ಭಾರತದಲ್ಲಿ ಇಂಥ ಕಡ್ಡಾಯ ಇಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ. ಜಾಹೀರಾತಿನಲ್ಲಿ ಹೇಳಿದ್ದನ್ನು ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಕೊಳ್ಳುವ ಮೊದಲು ಇಷ್ಟು ನೋಡಿ

* ವರ್ಷದ ಲೆಕ್ಕ ಶುರುವಾಗುವುದು ನಿಮ್ಮ ಬಿಲ್‌ನ ದಿನದಿಂದಲ್ಲ, ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ. 2024ರ ಜನವರಿಯ ಎಸ್24 ಅನ್ನು ಎರಡು ವರ್ಷದ ನಂತರ ಆಫರ್‌ನಲ್ಲಿ ತೆಗೆದರೆ ನಿಮಗೆ ಸಿಗುವುದು 5 ವರ್ಷ ಮಾತ್ರ.
* ಕಂಪೆನಿಯ ಹೆಸರು ಸಾಲದು, ಮಾದರಿಯ ಹೆಸರು ನೋಡಿ. ಒಂದೇ ಕಂಪೆನಿಯ ದುಬಾರಿ ಮತ್ತು ಅಗ್ಗದ ಫೋನ್‌ಗಳಿಗೆ ಬೇರೆ ಬೇರೆ ಲೆಕ್ಕ.
* ಹೊಸ ಆವೃತ್ತಿ ಎಷ್ಟು ವರ್ಷ, ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಎಂದು ಪ್ರತ್ಯೇಕವಾಗಿ ಕೇಳಿ. ತಿಂಗಳಿಗೊಮ್ಮೆ ಬರುತ್ತದೆಯೋ, ಮೂರು ತಿಂಗಳಿಗೊಮ್ಮೆಯೋ ಎಂಬುದೂ ಮುಖ್ಯ.
* ಅಪ್‌ಡೇಟ್ ಬೇರೆ, ವಾರಂಟಿ ಬೇರೆ. 7 ವರ್ಷ ಅಪ್‌ಡೇಟ್ ಇದ್ದರೂ ಬ್ಯಾಟರಿ ಅಷ್ಟು ಕಾಲ ಬಾಳುವುದು ಕಷ್ಟ. ಹತ್ತಿರದಲ್ಲಿ ಸರ್ವಿಸ್ ಸೆಂಟರ್ ಉಂಟೇ, ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ ಎಂದು ವಿಚಾರಿಸಿ.
* ಗಲ್ಫ್‌ನಿಂದ ತರಿಸುವುದಾದರೆ ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.
* ಸೆಕೆಂಡ್ ಹ್ಯಾಂಡ್ ಆಂಡ್ರಾಯ್ಡ್ ಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್‌ನ ದಿನಾಂಕ ನೋಡಿ. ಲಭ್ಯವಿರುವ ಅಪ್‌ಡೇಟ್ ಹಾಕಿದ ಮೇಲೂ ದಿನಾಂಕ ವರ್ಷಕ್ಕಿಂತ ಹಳೆಯದಿದ್ದರೆ ಬ್ಯಾಂಕ್ ವ್ಯವಹಾರಕ್ಕೆ ಅದು ಬೇಡ.
* ಕಂಪೆನಿಯ ವೆಬ್‌ಸೈಟ್‌ನಲ್ಲಿರುವ ಭರವಸೆಯ ಸ್ಕ್ರೀನ್‌ಶಾಟ್ ತೆಗೆದು ಬಿಲ್‌ನ ಜೊತೆ ಇಟ್ಟುಕೊಳ್ಳಿ. ಮುಂದೆ ದೂರು ಕೊಡಬೇಕಾಗಿ ಬಂದರೆ ಅಂಗಡಿಯವರ ಬಾಯಿಮಾತು ಸಾಕ್ಷಿಯಾಗುವುದಿಲ್ಲ.

ಒಟ್ಟಿನಲ್ಲಿ, ದೊಡ್ಡ ಕಂಪೆನಿಗಳ ಮೊದಲ 4-5 ವರ್ಷದ ಮಾತನ್ನು ನಂಬಲು ಆಧಾರ ಇದೆ. ಆ ನಂತರದ ವರ್ಷಗಳು ಸಿಕ್ಕಿದರೆ ಲಾಭ ಅಂತ ಇಟ್ಟುಕೊಳ್ಳಿ, ಅದಕ್ಕಾಗಿ ಮೊದಲೇ ಹೆಚ್ಚು ದುಡ್ಡು ಸುರಿಯಬೇಡಿ. ಮೂರು ವರ್ಷಕ್ಕೊಮ್ಮೆ ಫೋನ್ ಬದಲಿಸುವವರಿಗೆ 7 ವರ್ಷದ ಭರವಸೆಯಿಂದ ದೊಡ್ಡ ಉಪಯೋಗವಿಲ್ಲ. ಒಂದೇ ಫೋನ್ ಅನ್ನು ತಾವು ಬಳಸಿ, ಆಮೇಲೆ ಮನೆಯಲ್ಲಿ ಉಮ್ಮನಿಗೋ ತಮ್ಮನಿಗೋ ಕೊಡುವವರು ಮಾತ್ರ ಈ ಲೆಕ್ಕವನ್ನು ಸರಿಯಾಗಿ ನೋಡಬೇಕು. ಯಾಕೆಂದರೆ ಅಪ್‌ಡೇಟ್ ನಿಂತ ಫೋನ್ ಕೊನೆಗೆ ಸೇರುವುದು ಅವರ ಕೈಗೇ.