ಮೈಸೂರಿಗೆ ಬಂದ ಬಂಗಾಳದ ಮೇಷ್ಟ್ರು

ರಾಧಾಕುಮುದ ಮುಖರ್ಜಿ ಅನ್ನೋ ಹೆಸರು ನಮ್ಮ ಕಡೆ ಹೆಚ್ಚು ಜನ ಕೇಳಿರಲಾರರು. ಬಂಗಾಳದವರು, ಚರಿತ್ರೆ ಪಂಡಿತರು. 1905ರಲ್ಲಿ ಬಂಗಾಳವನ್ನು ಇಂಗ್ಲಿಷರು ಎರಡು ಹೋಳು ಮಾಡಿದಾಗ ಸ್ವದೇಶಿ ಚಳವಳಿ ಎದ್ದಿತಲ್ಲ, ಆಗ ನಮ್ಮವರೇ ಕಟ್ಟಿದ ರಾಷ್ಟ್ರೀಯ ಕಾಲೇಜಿಗೆ ಪಾಠ ಹೇಳೋಕೆ ಹೋದ ಹುಡುಗರಲ್ಲಿ ಇವರೂ ಒಬ್ಬರು.

1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ವಿಶ್ವವಿದ್ಯಾಲಯ ಶುರುಮಾಡಿದರು. ದೂರದೂರಿಂದ ಮೇಷ್ಟ್ರುಗಳನ್ನ ಕರೆಸಿದರು. ಮುಂದೆ ರಾಷ್ಟ್ರಪತಿಯಾದ ರಾಧಾಕೃಷ್ಣನ್ ಬಂದದ್ದು ಆ ಕಾಲದಲ್ಲೇ, ಚರಿತ್ರೆಗೆ ಮುಖರ್ಜಿ ಬಂದದ್ದೂ ಆಗಲೇ. ಹಾಗಾಗಿ ಇವರು ಅರ್ಧ ನಮ್ಮವರು ಅಂತ ನಾನು ಲೆಕ್ಕ ಹಾಕಿದ್ದೇನೆ.

ಅದಕ್ಕೂ ಮುಂಚೆ, 1912ರಲ್ಲಿ, ಭಾರತದ ಹಡಗುಗಳ ಮೇಲೆ ಒಂದು ಪುಸ್ತಕ ಬರೆದಿದ್ದರು. ಇಂಡಿಯಾದವರಿಗೆ ಸಮುದ್ರದ ಗಂಧವೇ ಇಲ್ಲ ಅನ್ನೋ ಮಾತಿಗೆ ಅದು ಉತ್ತರ. ಹಳೇ ನಾಣ್ಯದ ಮೇಲಿನ ಹಡಗು, ಗುಡಿ ಗೋಡೆ ಕೆತ್ತನೆ, ಪರದೇಶದವರು ಬರೆದಿಟ್ಟ ಮಾತು, ಎಲ್ಲ ಕೂಡಿಸಿ ತೋರಿಸಿದರು. ಮಲೆಯಾಳ ಕರಾವಳಿಯ ಮೆಣಸು ಹಡಗೇರಿ ರೋಮಿಗೆ ಹೋಗ್ತಿತ್ತು. ಮೆಣಸಿನ ಬಳ್ಳಿ ಹತ್ತಿಸುವ ನಮಗೆ ಇದು ಬೇರೆಯವರ ಕಥೆಯಲ್ಲ.

ಆದರೆ ನಮ್ಮಂಥ ಹಳ್ಳಿಯವರಿಗೆ ಬೇಕಾದದ್ದು 1919ರಲ್ಲಿ ಬಂದ ಪುಸ್ತಕ. ಹಿಂದಿನ ಕಾಲದ ಊರಾಡಳಿತದ ಮೇಲೆ ಬರೆದದ್ದು. ನಿಮಗೆ ಆಳಿಕೊಳ್ಳೋಕೆ ಬರಲ್ಲ, ಮೆಲ್ಲಗೆ ಕಲಿಸ್ತೇವೆ ಅಂತ ಇಂಗ್ಲಿಷರು ಹೇಳ್ತಿದ್ದ ದಿನಗಳವು. ಕಲ್ಲಿನ ಮೇಲೆ ಬರೆದಿದೆ, ಓದಿಕೊಳ್ಳಿ ಅಂದರು ಮುಖರ್ಜಿ.

ಅದರಲ್ಲಿ ಬರೋ ತಮಿಳುನಾಡಿನ ಉತ್ತರಮೇರೂರಿನ ವಿಷಯ ಹೇಳಲೇಬೇಕು. ಚೋಳ ರಾಜ ಪರಾಂತಕನ ಕಾಲ, 920ರ ಆಸುಪಾಸು. ಊರಲ್ಲಿ 30 ವಾರ್ಡು. ಲಾಯಕ್ಕಾದವರ ಹೆಸರನ್ನ ಓಲೆ ಚೂರಿನಲ್ಲಿ ಬರೆದು ಕೊಡಕ್ಕೆ ಹಾಕೋದು, ಏನೂ ತಿಳೀದ ಚಿಕ್ಕ ಹುಡುಗನ ಕೈಲಿ ಎತ್ತಿಸೋದು. ಕೆರೆಗೆ ಒಂದು ಸಮಿತಿ, ತೋಟಕ್ಕೆ ಒಂದು. ವಯಸ್ಸು 35ಕ್ಕೆ ಕಮ್ಮಿ ಇರಬಾರದು, 70 ದಾಟಿರಬಾರದು. ಹಿಂದಿನ ಮೂರು ವರ್ಷದಲ್ಲಿ ಸಮಿತಿಯಲ್ಲಿ ಕೂತವನಿಗೆ ಮತ್ತೆ ಇಲ್ಲ. ಲೆಕ್ಕ ಒಪ್ಪಿಸದೆ ಹೋದವನಿಗೂ ಇಲ್ಲ, ಅವನ ನೆಂಟರಿಷ್ಟರಿಗೂ ಇಲ್ಲ! ಈ ನೆಂಟರ ಮಾತು ಈಗಿನ ಗ್ರಾಮಸಭೆಯಲ್ಲಿ ಹೇಳಿದರೆ ಎಷ್ಟು ಜನ ಎದ್ದು ಹೋಗ್ತಾರೋ.

ಮುಖರ್ಜಿ 1921ರಲ್ಲಿ ಲಖನೌಗೆ ಹೋಗಿ 1945ರವರೆಗೆ ಅಲ್ಲೇ ಪ್ರೊಫೆಸರ್ ಆಗಿದ್ದರು. ಹರ್ಷ, ಅಶೋಕ, ಚಂದ್ರಗುಪ್ತ ಮೌರ್ಯ ಒಬ್ಬೊಬ್ಬರ ಮೇಲೂ ಪುಸ್ತಕ ಬರೆದರು. 1952ರಲ್ಲಿ ರಾಜ್ಯಸಭೆಗೆ ನೇಮಕವಾಯ್ತು, 1957ರಲ್ಲಿ ಪದ್ಮಭೂಷಣ ಬಂತು.

ಇಷ್ಟು ದೊಡ್ಡವರ ಮುಂದೆ ಏಳನೇ ಕ್ಲಾಸಿನ ನಾನು ಒಂದು ತಕರಾರು ಇಡ್ತೇನೆ. ಆ ಕೊಡದೊಳಗೆ ಯಾರ ಹೆಸರು ಬೀಳ್ತಿತ್ತು? ಕಂದಾಯ ಕಟ್ಟೋ ಸ್ವಂತ ಜಮೀನು ಬೇಕು, ಸ್ವಂತ ಜಾಗದಲ್ಲಿ ಮನೆ ಬೇಕು, ವೇದ ಬರಬೇಕು. ಅದು ಬ್ರಾಹ್ಮಣರ ಊರು. ಆ ಕೆರೆ ಹೂಳೆತ್ತಿದವನ ಹೆಸರು, ಆ ಗದ್ದೆ ನಾಟಿ ಮಾಡಿದವಳ ಹೆಸರು ಓಲೆ ಮೇಲೆ ಬರಲಿಲ್ಲ. ಮುಖರ್ಜಿಯವರ ಜಗಳ ಇಂಗ್ಲಿಷರ ಜೊತೆ ಇತ್ತು, ಅದನ್ನ ಗೆದ್ದರು. ಊರೊಳಗಿನ ಜಗಳ ಹಾಗೇ ಉಳೀತು.

ನಮ್ಮ ವಯನಾಡನ್ನೇ ನೋಡಿ. ಮಾನಂದವಾಡಿ ಹತ್ತಿರ ವಳ್ಳಿಯೂರುಕಾವು ಜಾತ್ರೆಯಲ್ಲಿ ಧಣಿಗಳು ಅಡಿಯರನ್ನೂ ಪಣಿಯರನ್ನೂ ದೇವಿ ಎದುರು ಮುಂಗಡ ಕೊಟ್ಟು ಒಂದು ವರ್ಷಕ್ಕೆ ಹಿಡಿದುಕೊಳ್ತಿದ್ದರು. ದೇವರ ಮುಂದೆ ಆದ ಮಾತು, ಮೀರೋ ಹಾಗಿಲ್ಲ. ಕೂಲಿ ಭತ್ತ, ಅದಕ್ಕೆ ವಲ್ಲಿ ಅಂತಾರೆ. ಜೀತ ಬಿಡಿಸೋ ಕಾನೂನು ದೇಶಕ್ಕೆ ಬಂದದ್ದು 1976ರಲ್ಲಿ. ಗಂಧಕಸಾಲೆ ಬೆಳೆಯೋ ಈ ಬಯಲು ಯಾರ ಬೆನ್ನ ಮೇಲೆ ನಿಂತಿತ್ತು ಅಂತ ಯಾವ ಕಲ್ಲಿನ ಮೇಲೂ ನಾನು ಓದಿಲ್ಲ. ನಾಟಿ ಹಾಡಿನಲ್ಲಿ ಕೇಳಿದ್ದೇನೆ. ಸಿಕ್ಕಿದ ಭತ್ತ ಎಷ್ಟು, ಅಳೆದುಕೊಟ್ಟ ಮನೆ ಯಾವುದು, ಎರಡೂ ಅದರಲ್ಲಿ ಉಂಟು.