ಚರ್ಮದ ಆಕರಕೋಶ ಚಿಕಿತ್ಸೆ: ಇತಿಹಾಸ

ರೋಗಿಯದೇ ಚರ್ಮದ ಚಿಕ್ಕ ಚೂರಿನಿಂದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಹಾಳೆಯಂತಾದ ಹೊರಚರ್ಮವನ್ನು ಗಾಯಕ್ಕೆ ಹೊದಿಸುವ ವಿಧಾನ. ಹೊರಚರ್ಮ ದಿನವೂ ಉದುರಿ ಹೊಸದಾಗುತ್ತಿರುವುದು ಅದರ ತಳಪದರದಲ್ಲೂ ಕೂದಲಿನ ಬುಡದಲ್ಲೂ ಇರುವ ಆಕರಕೋಶಗಳಿಂದ, ಅಂದರೆ ಸ್ಟೆಮ್ ಸೆಲ್‌ಗಳಿಂದ. ಸುಟ್ಟಗಾಯ ಆಳಕ್ಕಿಳಿದು ಅವೂ ನಾಶವಾದರೆ ಗಾಯ ಅಂಚಿನಿಂದಷ್ಟೇ ಮಾಯಬೇಕು. ಮೈತುಂಬ ಸುಟ್ಟವರಲ್ಲಿ ಅದು ಆಗದ ಮಾತು.

1869ರಲ್ಲಿ ಪ್ಯಾರಿಸ್‌ನಲ್ಲಿದ್ದ ಸ್ವಿಸ್ ಶಸ್ತ್ರವೈದ್ಯ ಜಾಕ್ ಲೂಯಿ ರೆವರ್ಡಾಂ ಹೊರಚರ್ಮದ ಪುಟ್ಟ ಚೂರುಗಳನ್ನು ಗಾಯದ ಮೇಲೆ ಅಲ್ಲಲ್ಲಿ ಇಟ್ಟು, ಅವು ಸುತ್ತಲೂ ಹಬ್ಬುವುದನ್ನು ತೋರಿಸಿದ. 1964ರ ಹೊತ್ತಿಗೆ ಕಸಿಯ ಚರ್ಮವನ್ನು ಜಾಲರಿಯಂತೆ ಸೀಳಿ ಹಿಗ್ಗಿಸುವ ಉಪಕರಣ ಬಂತು. ಆದರೂ ತೆಗೆಯುವುದಕ್ಕೆ ಮೈಯಲ್ಲಿ ಎಲ್ಲಾದರೂ ಒಳ್ಳೆಯ ಚರ್ಮ ಉಳಿದಿರಲೇಬೇಕಿತ್ತು.

ಈ ಕಟ್ಟು ಸಡಿಲಿಸಿದ್ದು ಚರ್ಮದ ಮೇಲಿನ ಸಂಶೋಧನೆಯಲ್ಲ. ಅಮೆರಿಕದ ಎಂಐಟಿಯಲ್ಲಿ ಹೋವರ್ಡ್ ಗ್ರೀನ್ ಮತ್ತು ಅವರ ವಿದ್ಯಾರ್ಥಿ ಜೇಮ್ಸ್ ರೈನ್‌ವಾಲ್ಡ್ ಇಲಿಯ ಒಂದು ಬಗೆಯ ಗಡ್ಡೆಯನ್ನು ಅಭ್ಯಾಸ ಮಾಡುತ್ತಿದ್ದಾಗ, ತಟ್ಟೆಯಲ್ಲಿ ಹೊರಚರ್ಮದಂಥ ಕೋಶಗಳು ಗುಂಪುಗುಂಪಾಗಿ ಬೆಳೆದವು. ಅವು ಬೆಳೆಯಲು ಇಲಿಯ 3ಟಿ3 ಕೋಶಗಳ ಆಸರೆ ಬೇಕಿತ್ತು. ಈ ಕೋಶಗಳನ್ನು ಗ್ರೀನ್ ಮತ್ತು ಜಾರ್ಜ್ ಟೊಡಾರೊ 1963ರಲ್ಲೇ ರೂಪಿಸಿದ್ದರು. ವಿಕಿರಣದಿಂದ ವೃದ್ಧಿ ನಿಲ್ಲಿಸಿದ ಆ ಕೋಶಗಳ ಹಾಸಿನ ಮೇಲೆ ಮನುಷ್ಯರ ಹೊರಚರ್ಮದ ಕೋಶಗಳೂ ಬೆಳೆದವೆಂದು 1975ರಲ್ಲಿ ಇಬ್ಬರೂ ಪ್ರಕಟಿಸಿದರು. ನಮ್ಮ ಗದ್ದೆಯ ಭಾಷೆಯಲ್ಲಿ ಹೇಳುವುದಾದರೆ ಸಸಿಮಡಿ ಸಿದ್ಧವಾಗಿತ್ತು, ನಾಟಿ ಬಾಕಿಯಿತ್ತು.

ಬೆಳೆದ ಪದರವನ್ನು ಹರಿಯದಂತೆ ತಟ್ಟೆಯಿಂದ ಬಿಡಿಸಲು ಡಿಸ್ಪೇಸ್ ಎಂಬ ಕಿಣ್ವ ನೆರವಾದದ್ದು 1979ರಲ್ಲಿ. ಸುಟ್ಟಗಾಯದ ರೋಗಿಗಳ ಮೇಲಿನ ಮೊದಲ ವರದಿ 1981ರಲ್ಲಿ ಬಂತು. 1983ರಲ್ಲಿ ಮೈಯ ಶೇ. 95ಕ್ಕಿಂತ ಹೆಚ್ಚು ಸುಟ್ಟಿದ್ದ ಇಬ್ಬರು ಬಾಲಕ ಸಹೋದರರು ಬಾಸ್ಟನ್ನಿನ ಸುಟ್ಟಗಾಯ ಆಸ್ಪತ್ರೆಗೆ ಬಂದರು. ಅಳಿದುಳಿದ ಚರ್ಮದ ಸಣ್ಣ ಚೂರಿನಿಂದ ಬೆಳೆಸಿದ ಹಾಳೆಗಳು ಅವರ ಮೈಯ ಸುಮಾರು ಅರ್ಧವನ್ನು ಮುಚ್ಚಿದವು, ಇಬ್ಬರೂ ಬದುಕಿದರು.

ಆಗಿನ್ನೂ ಕಸಿ ಹಿಡಿಯುವಂತೆ ಮಾಡುತ್ತಿದ್ದ ಕೋಶ ಯಾವುದೆಂದು ಗುರುತಿಸಿರಲಿಲ್ಲ. ಪೈರು ಕಂಡಾಗಿತ್ತು, ಬೀಜ ಕಂಡಿರಲಿಲ್ಲ. 1987ರಲ್ಲಿ ಯಾನ್ ಬರಾಂಡೊ ಮತ್ತು ಗ್ರೀನ್ ಒಂದೊಂದೇ ಕೋಶವನ್ನು ಬೇರೆಬೇರೆಯಾಗಿ ಬೆಳೆಸಿ ನೋಡಿದರು. ಕೆಲವು ಸಾಲುಸಾಲಾಗಿ ಪೀಳಿಗೆ ಬೆಳೆಸಿದವು, ಉಳಿದವು ಬೇಗ ದಣಿದವು. ಮೊದಲನೆಯದಕ್ಕೆ ‘ಹೋಲೋಕ್ಲೋನ್’ ಎಂಬ ಹೆಸರು ಬಿತ್ತು. ಕಸಿಯ ಹಾಳೆ ಎಷ್ಟೇ ಅಗಲವಿರಲಿ, ಈ ಕೋಶಗಳು ಅದರಲ್ಲಿ ಇಲ್ಲದಿದ್ದರೆ ಚರ್ಮ ತಿಂಗಳುಗಳಲ್ಲಿ ಸವೆದುಹೋಗುತ್ತದೆ. ಕೆಳಗಿನ ನೆಲವೂ ಮುಖ್ಯ. ಒಳಚರ್ಮವಿಲ್ಲದ ಗಾಯದ ಮೇಲೆ ಹಾಳೆ ಬೊಬ್ಬೆಯೇಳುತ್ತಿತ್ತು. ದಾನಿಯ ಒಳಚರ್ಮವನ್ನು ಮೊದಲು ಹಾಸಿ, ಮೇಲೆ ಬೆಳೆಸಿದ ಹಾಳೆ ಹಾಕುವ ಕ್ರಮವನ್ನು ಚಾರ್ಲ್ಸ್ ಕ್ಯುವೊನೊ ತಂಡ 1986ರಲ್ಲಿ ವರದಿ ಮಾಡಿತು.

ಆಸ್ಟ್ರೇಲಿಯದ ಪರ್ತ್‌ನಲ್ಲಿ ಫಿಯೋನಾ ವುಡ್ ಹಾಳೆಯ ಬದಲು ಕೋಶಗಳನ್ನೇ ಗಾಯಕ್ಕೆ ಸಿಂಪಡಿಸುವ ದಾರಿ ಹಿಡಿದರು. 2002ರ ಬಾಲಿ ಬಾಂಬ್ ಸ್ಫೋಟದ ಗಾಯಾಳುಗಳ ಚಿಕಿತ್ಸೆಯಿಂದ ಅದಕ್ಕೆ ಹೆಸರು ಬಂತು.

ಅತಿ ದೊಡ್ಡ ಪರೀಕ್ಷೆ 2015ರಲ್ಲಿ ಜರ್ಮನಿಯ ಬೋಹಮ್‌ನಲ್ಲಿ ನಡೆಯಿತು. ಮುಟ್ಟಿದರೆ ಚರ್ಮ ಸುಲಿಯುವ ಆನುವಂಶಿಕ ರೋಗದಿಂದ ಏಳು ವರ್ಷದ ಸಿರಿಯನ್ ಬಾಲಕ ಹೊರಚರ್ಮದ ಬಹುಪಾಲನ್ನು ಕಳೆದುಕೊಂಡಿದ್ದ. ಇಟಲಿಯ ಮೊಡೆನಾದಲ್ಲಿ ಮಿಕೆಲೆ ಡಿ ಲೂಕಾ ತಂಡ ಅವನ ಕೋಶಗಳಿಗೆ ಕೆಟ್ಟ ಜೀನ್‌ನ ಸರಿಯಾದ ಪ್ರತಿಯನ್ನು ಸೇರಿಸಿ 0.85 ಚದರ ಮೀಟರ್‌ನಷ್ಟು ಹಾಳೆ ಬೆಳೆಸಿತು. ಅದು ಮೈಯ ಶೇ. 80ರಷ್ಟನ್ನು ಮುಚ್ಚಿತು. ಸೇರಿಸಿದ ಜೀನ್ ಪ್ರತಿ ಕೋಶದಲ್ಲಿ ಎಲ್ಲಿ ಕೂತಿದೆ ಎಂಬ ಗುರುತು ಹಿಡಿದು ಹೋದಾಗ, ಹೊಸ ಚರ್ಮವೆಲ್ಲ ದೀರ್ಘಾಯುಷಿಯಾದ ಕೆಲವೇ ಆಕರಕೋಶಗಳಿಂದ ಉಳಿದುಕೊಂಡಿದೆ ಎಂದು 2017ರಲ್ಲಿ ತಿಳಿಯಿತು.

ಗ್ರೀನ್ ವಿಧಾನದಿಂದ ತಯಾರಾಗುವ ಎಪಿಸೆಲ್‌ಗೆ ಅಮೆರಿಕದ ಔಷಧ ನಿಯಂತ್ರಕರ ಅನುಮತಿ ಸಿಕ್ಕಿದ್ದು 2007ರಲ್ಲಿ. ಇಲಿಯ ಕೋಶಗಳ ಹಾಸಿನ ಮೇಲೆ ಬೆಳೆಯುವುದರಿಂದ ಅದು ಅಲ್ಲಿ ಪ್ರಾಣಿಮೂಲದ ಕಸಿಗಳ ಸಾಲಿಗೂ ಸೇರುತ್ತದೆ. ಈ ಹಾಳೆಗಳಲ್ಲಿ ಕೂದಲು ಹುಟ್ಟುವುದಿಲ್ಲ, ಬೆವರಿನ ಗ್ರಂಥಿಗಳೂ ಮೂಡುವುದಿಲ್ಲ; ಮೈತುಂಬ ಇಂಥ ಚರ್ಮ ಹೊದ್ದವರಿಗೆ ಬಿಸಿಲು ಕಾಲ ಕಷ್ಟದ ಕಾಲ.