ಬಡತನ ವಿಧಿಲಿಖಿತವೇ? ಕಲ್ಯಾಣದ ಶರಣರು ಕೊಟ್ಟ ಉತ್ತರ

ಬಡತನವು ಲೋಕವ್ಯವಸ್ಥೆಯಲ್ಲಿಯೇ ಬೇರುಬಿಟ್ಟುದೋ, ಮನುಷ್ಯಪ್ರಯತ್ನದಿಂದ ನಿವಾರಣೆಯಾಗತಕ್ಕುದೋ ಎಂಬ ಪ್ರಶ್ನೆ ಅರ್ಥಶಾಸ್ತ್ರಜ್ಞರಿಗೆ ಮಾತ್ರ ಸೇರಿದುದಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಾದಿ ಶರಣರು ಇದನ್ನು ತಮ್ಮ ಬದುಕಿನಲ್ಲಿಯೇ ಎದುರಿಸಿದರು.

ಚಾಲುಕ್ಯ, ಕಳಚುರಿ ಅರಸರ ಕಾಲದ ಶಾಸನಗಳಲ್ಲಿ ಅಂದಿನ ಆರ್ಥಿಕ ಸ್ಥಿತಿಯ ಚಿತ್ರವಿದೆ. ಅಗ್ರಹಾರಗಳಿಗೂ ದೇವಾಲಯಗಳಿಗೂ ಭೂಮಿಯನ್ನು ಸರ್ವನಮಸ್ಯವಾಗಿ ದತ್ತಿ ಬಿಡುತ್ತಿದ್ದರು. ಉಳುವವನ ದುಡಿಮೆ ಹಾಗೆಯೇ ಮುಂದುವರಿಯುತ್ತಿತ್ತು. ಅವನ ಬೆಳೆಯ ಪಾಲು ಸಲ್ಲುವ ಕೈ ಮಾತ್ರ ಬದಲಾಗುತ್ತಿತ್ತು. ನೇಕಾರನಿಗೆ ಮಗ್ಗದೆರೆ, ಗಾಣಿಗನಿಗೆ ಗಾಣದೆರೆ ಇದ್ದವು. ಇವೆಲ್ಲದರ ಮೇಲೆ, ಹುಟ್ಟಿನಿಂದ ವೃತ್ತಿಯನ್ನೂ ವೃತ್ತಿಯಿಂದ ಮೇಲುಕೀಳನ್ನೂ ನಿರ್ಣಯಿಸುವ ಸಮಾಜ. ದುಡಿಯುವವನ ದಾರಿದ್ರ್ಯಕ್ಕೆ ಪೂರ್ವಜನ್ಮದ ಕರ್ಮವೇ ಕಾರಣವೆಂದು ಹೇಳಿಬಿಟ್ಟರೆ, ವ್ಯವಸ್ಥೆಯನ್ನು ಪ್ರಶ್ನಿಸುವ ಅಗತ್ಯವೇ ಉಳಿಯುತ್ತಿರಲಿಲ್ಲ.

ಶರಣರು ಈ ಸಮಾಧಾನವನ್ನು ಒಪ್ಪಲಿಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಸೌದೆ ಮಾರುವ ಮೋಳಿಗೆ ಮಾರಯ್ಯ ಇವರೆಲ್ಲರೂ ಅನುಭವ ಮಂಟಪದಲ್ಲಿ ಸಮಾನ ಗೌರವಕ್ಕೆ ಪಾತ್ರರಾದರು. ಕಾಯಕ ಎಲ್ಲರಿಗೂ ಕಡ್ಡಾಯ. ಅದರ ಫಲ ದಾಸೋಹಕ್ಕೆ ಮೀಸಲು. ದುಡಿಯದೆ ಉಣ್ಣುವವನೂ ಇರಬಾರದು, ದುಡಿದೂ ಹಸಿಯುವವನೂ ಇರಬಾರದು ಎಂಬುದೇ ಈ ಎರಡು ತತ್ತ್ವಗಳ ಸಾರ.

ಆಯ್ದಕ್ಕಿ ಲಕ್ಕಮ್ಮನ ಕಥೆ ಭಕ್ತರಿಗೆಲ್ಲ ಪರಿಚಿತವಾದುದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂದು ಪರಂಪರೆ ತಿಳಿಸುತ್ತದೆ. ಬಡವನು ಇದ್ದುದರಲ್ಲಿಯೇ ತೃಪ್ತನಾಗಿರಬೇಕು ಎಂಬುದು ಇದರ ಬೋಧೆಯೆಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಬಸವಣ್ಣನವರು ಕರುಣೆಯಿಂದ ಹೆಚ್ಚಾಗಿ ಚೆಲ್ಲಿಸಿದ ಅಕ್ಕಿಯನ್ನು ಆಕೆ ನಿರಾಕರಿಸಿದಳು. ಅದು ಭಂಡಾರಿಯ ಕರುಣೆಯಾದರೂ ದುಡಿಮೆಯ ಫಲವಲ್ಲ ಎಂಬುದು ಆಕೆಯ ನಿಲುವು. ಉಳ್ಳವರ ಔದಾರ್ಯ ಹಸಿವನ್ನು ಒಂದು ದಿನ ನೀಗಿಸಬಲ್ಲುದು. ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ ಎಂಬ ಅಂತರವನ್ನು ಅದು ನೀಗಿಸಲಾರದು.

ಆದರೂ ಇತಿಹಾಸದ ಒಂದು ಸತ್ಯವನ್ನು ಮರೆಯಲಾಗದು. ಶರಣರು ತಮ್ಮ ಸಮುದಾಯದೊಳಗೆ ಹೊಸ ನೀತಿಯನ್ನು ಕಟ್ಟಿದರು; ರಾಜ್ಯದ ಭೂಮಿಯೂ ತೆರಿಗೆಯೂ ಅವರ ಅಧೀನದಲ್ಲಿರಲಿಲ್ಲ. ಬಿಜ್ಜಳನ ಆಳ್ವಿಕೆಯ ಕೊನೆಯಲ್ಲಿ ಕಲ್ಯಾಣ ಕ್ಷೋಭೆಗೊಳಗಾಗಿ ಶರಣರು ಚದುರಿದ ಮೇಲೆ ಹಳೆಯ ಭೂವ್ಯವಸ್ಥೆ ಉಳಿದುಕೊಂಡಿತು. ಕಾಲಾಂತರದಲ್ಲಿ ಮಠಗಳೂ ಇನಾಮು ಭೂಮಿಯ ಒಡೆಯರಾದವು.

ಆ ಭೂವ್ಯವಸ್ಥೆಯನ್ನು ಅಲುಗಿಸಿದುದು ಕಾನೂನು. ಮೈಸೂರು ರಾಜ್ಯದಲ್ಲಿ 1955ರಲ್ಲಿ ಧಾರ್ಮಿಕ ಹಾಗೂ ಧರ್ಮಾದಾಯ ಇನಾಮುಗಳ ರದ್ದತಿಗೆ ಶಾಸನವಾಯಿತು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರನು ತಾನು ಉಳುವ ಹೊಲಕ್ಕೆ ಒಡೆಯನಾಗಲು ದಾರಿಯಾಯಿತು. ತಲೆಮಾರುಗಳಿಂದ ವಿಧಿಯೆಂದು ತಿಳಿದುದು ಮನುಷ್ಯರು ಬರೆದ ಕಟ್ಟಳೆಯಾಗಿತ್ತು. ಮನುಷ್ಯರೇ ಅದನ್ನು ತಿದ್ದಿದರು. ಆದರೆ ಗೇಣಿಯ ಹಕ್ಕೂ ಇಲ್ಲದ ಕೂಲಿಕಾರನಿಗೆ ದೊರೆತುದು ಅತ್ಯಲ್ಪ.

ಹೀಗೆ ನೋಡಿದಾಗ, ಬಡತನವು ವ್ಯವಸ್ಥೆಯಲ್ಲಿ ಹುದುಗಿದೆ ಎಂಬುದೂ ನಿಜ, ನಿವಾರಿಸಬಹುದು ಎಂಬುದೂ ನಿಜ. ವ್ಯವಸ್ಥೆ ಬದಲಾಗದೆ ದಾಸೋಹ ಮಾತ್ರ ನಡೆದರೆ ಪಂಕ್ತಿಯಲ್ಲಿ ಕುಳಿತವನು ನಾಳೆಯೂ ಹಸಿದೇ ಬರುವನು. ದಾಸೋಹಭಾವವಿಲ್ಲದೆ ಕಾನೂನು ಮಾತ್ರ ಬದಲಾದರೆ ಹೊಸ ಒಡೆಯನೂ ಹಳೆಯ ಒಡೆಯನಂತೆಯೇ ಆಗುವನು. ನಮ್ಮ ಹೊಲದಲ್ಲಿ, ಅಂಗಡಿಯಲ್ಲಿ ದುಡಿಯುವವನಿಗೆ ಸಲ್ಲಬೇಕಾದ ಕೂಲಿ ಸಲ್ಲುತ್ತಿದೆಯೇ ಎಂದು ಕೇಳಿಕೊಂಡ ಬಳಿಕವೇ ದಾಸೋಹಕ್ಕೆ ಅಕ್ಕಿ ಅಳೆಯಬೇಕು. ಲಕ್ಕಮ್ಮನ ಮನೆಯಲ್ಲಿ ಸಂದ ಲೆಕ್ಕ ಅದೇ.